ಹಸುರೈತೇನು?

ಮೈಂದರ್ಗಿ ನಾಕಾದಾಗ ನಂದೊಂದು ಪತ್ರಾಸಿನ ಅಂಗಡಿ.
ಬೋರ್ಡು ಮರಾಠಿ, ಪಾವತಿ ಮರಾಠಿ,
ನಟ್ಟು ಜಾರಿದಾಗ ಬಾಯಿಗೆ ಬರೂದು ಕನ್ನಡ.

ಜೂನದಾಗ ಭಾಗ್ಯವಂತಿ ಗಾಡಿ ಬಂತು, ಭಾಗ್ಯವಂತಿ ಬರಲಿಲ್ಲ.
ನಾಕು ಹಳ್ಳಿ ಹಾಲು ಡೇರಿಗೆ ಹಾಕೂ ಗಾಡಿ,
ಎರಡೂ ಕಡೆ ಕ್ಯಾನಿನ ಕೊಕ್ಕಿ.
ತಳ್ಳಿಕೊಂಡು ಬಂದಾಕಿ ಅತ್ತಿ ಶಾವಂತ್ರವ್ವ,
ಸೆರಗು ಸೊಂಟಕ್ಕ ಬಿಗಿದು, ಸ್ಟ್ಯಾಂಡ್ ಹಾಕಾಕ ಬರದ
ನನ್ನ ಗ್ವಾಡಿಗೇ ಆನಿಸಿ ನಿಲ್ಲಿಸಿದಳು.
ಇದೇ ಮುದುಕಿ ಎರಡು ವರ್ಷದ ಹಿಂದ
"ಹೆಣ್ಣಮಗಳು ಗಂಡಸರ ಗಾಡಿ ಹೊಡೀತಾಳಂತ" ಅಂದು
ನನ್ನ ಬಾಗಿಲ ಮುಂದ ಉಗುಳಿ ಹೋಗಿದ್ದಳು.

"ಡಾಕ್ಟರು ಹಾಸಗಿ ಬಿಟ್ಟು ಏಳಬ್ಯಾಡ ಅಂದಾರ.
ಹಾಲು ಸಣ್ಣಾಂವ ಒಯ್ತಾನ, ಟಂಟಂದಾಗ.
ಇದು ಸಾಯಬಾರದು ನೋಡು. ಎಷ್ಟಾಗತೈತಿ?"

ಸೋಲಾಪುರದಿಂದ ತರಿಸಿದೆ, ಶ್ಯಾಣ್ಯಾ ಚಾರ್ಜರು, ಅಂಗೈಯಷ್ಟು.
ಹಳೇದು ಕುಡಿಸಿದ್ದೇ ಕುಡಿಸತಿತ್ತು,
ಒಳಗಿನ ನೀರು ಕುದ್ದು ಹೊಟ್ಟಿ ಉಬ್ಬೂ ತನಕ.
ಇದು ಹಂಗಲ್ಲ. ತುಂಬಿತಂದ್ರ ತಾನೇ ಕೈ ಹಿಂದ ತಗೋತೈತಿ,
ಸೋರಿದ್ದಷ್ಟೇ ಮತ್ತ ಹನಿ ಹನಿ ಹಾಕತೈತಿ.
ಕರೆಂಟ್ ಹೋಗಿ ಬಂದ್ರೂ ತಾನಾಗೇ ಹಿಡೀತೈತಿ,
ನಮ್ಮಲ್ಲಿ ದಿನಕ್ಕ ಆರು ಸಲ ಹೋಗತೈತಿ.
ಬ್ಯಾಟರಿ ಬಿಚ್ಚಿ, ಟರ್ಮಿನಲ್ಲಿನ ಕಿಲುಬು ಬಿಸಿನೀರಿಲೆ ತೊಳೆದು,
ವ್ಯಾಸಲೀನ್ ಸವರಿ, ಬೇವಿನ ಹಲಗಿ ಮ್ಯಾಲ ಇಟ್ಟೆ.
ಕೆಂಪು. ಹಳದಿ.
ಮರುದಿನ ಮುಂಜಾನಿ ಹಸುರು.

ಗುರುವಾರಕ್ಕೊಮ್ಮೆ ಸಂತಿ ಮುಗಿಸಿ ಶಾವಂತ್ರವ್ವ ಬರತಿದ್ದಳು.
"ಹಸುರೈತೇನು?"
"ಹಸುರೈತಿ."
ಕೊತ್ತಂಬರಿ ಒಂದು ಸಿವುಡು ಇಟ್ಟು ಹೋಗತಿದ್ದಳು.

ಒಂದು ಗುರುವಾರ ಕುಂತಳು. ನನಗೂ ಗಿರಾಕಿ ಇರಲಿಲ್ಲ.
"ಇದನ್ನ ಹಿಂಗ ದಿನಾ ಯಾಕ ಕಾಯಬೇಕು?"
ಎಲ್ಲಾರಿಗೂ ಹೇಳೂ ಭಾಷಣ ಅಕಿಗೂ ಹೇಳಿದೆ.
ಖಾಲಿ ಬಿಡಬಾರದವ್ವಾ. ಖಾಲಿ ಬಿಟ್ರ ಒಳಗಿನ ಪ್ಲೇಟಿಗೆ
ಬಿಳಿ ಉಪ್ಪು ಕಟ್ಟತೈತಿ, ಕಲ್ಲಾಗತೈತಿ,
ಆಮ್ಯಾಲ ಎಷ್ಟು ತುಂಬಿದ್ರೂ ಹಿಡಿಯೂದಿಲ್ಲ.
ಮುದುಕಿ ಚೀಲದಾಗಿನ ಬದನಿಕಾಯಿ ಒಂದೊಂದೇ ತಗದು
ಸೆರಗಿಲೆ ಒರಸಿ ಮತ್ತ ಚೀಲಕ್ಕ ಹಾಕಿದಳು.
ಎದ್ದು ಹೋದಳು.
ಅವತ್ತು ಹಸುರೈತೇನು ಅಂತ ಕೇಳಲಿಲ್ಲ.

ರವಿವಾರ ಟಂಟಂ ಹುಡುಗ ಚಹಾ ಕುಡಿಯೂ ಮುಂದ ಹೇಳಿದ:
ವೈನಿಗೆ ಹೋತು ಮಾಮಾ, ಐದನೇ ತಿಂಗಳು, ಸೋಮವಾರನ.
ಸೋಮವಾರ.
ನಾ ಭಾಷಣ ಮಾಡಿದ್ದು ಗುರುವಾರ.

ಮನಿಯಾಕಿ, ಹೋಗಿ ಏನರೆ ಮಾತಾಡಿ ಬಾ ಅಂದಳು.
ಹೋಗಲಿಲ್ಲ. ಚಾರ್ಜರ್ ಬಿಚ್ಚಲೂ ಇಲ್ಲ.
ಮುಂದಿನ ಗುರುವಾರ ಯಾರೂ ಬರಲಿಲ್ಲ, ಅದರ ಮುಂದಿನದಕ್ಕೂ ಇಲ್ಲ.
ದೀಪ ಹಸುರೇ ಇತ್ತು. ಅದಕ್ಕೇನು ಗೊತ್ತು.

ದೀಪಾವಳಿ ಸನೇಕ ಬಂದಾಗ ಅಕೀನ ಬಂದಳು, ಅತ್ತಿ ಹಿಂದಿಂದ.
ಬ್ಯಾಟರಿ ಕೂಡಿಸಿದೆ, ಮೊದಲು ಪ್ಲಸ್, ಆಮ್ಯಾಲ ಮೈನಸ್.
ಬಟನ್ ಒತ್ತಿದಳು. ಒಂದೇ ಸಲಕ್ಕ.
ಇಂಥಾ ಹೊತ್ತಿನ್ಯಾಗ ನಾ ಯಾವಾಗಲೂ ತೊಡಿ ತಟ್ಟಿ "ನೋಡು!" ಅಂತೀನಿ.
ಅನ್ನಲಿಲ್ಲ.
ಅಕಿ ಎಕ್ಸಿಲೇಟರ್ ತಿರುವಿ, ಕಿವಿಗೊಟ್ಟು ಕೇಳಿ,
"ಚೈನ್ ಸಡ್ಲ ಐತಿ ಮಾಮಾ" ಅಂದಳು.
ಬಿಗಿದು ಕೊಟ್ಟೆ.

ಶಾವಂತ್ರವ್ವ ಹಿಂದಿನ ಸೀಟು ಒಮ್ಮೆ ನೋಡಿದಳು,
ಸೊಸಿ ಬೆನ್ನು ಒಮ್ಮೆ.
ಚಪ್ಪಲಿ ಬಿಚ್ಚಿ ಕೈಯಾಗ ಹಿಡಿದು
ಮಠದ ಕಟ್ಟಿ ಹತ್ತಿದಂಗ ಹತ್ತಿ ಕುಂತಳು.
ನಾಗಣಸೂರ ಹಾದಿ ಹಿಡಿದರು.

ಚಾರ್ಜರಿನ ಎರಡು ಚಿಮಟಿಗಿ ಹಲಗಿ ಮ್ಯಾಲಿಂದ ಜೋತಾಡತಿದ್ದವು,
ಕಚ್ಚಾಕ ಏನೂ ಸಿಗದ ಕೆಂಪು ಮಿಣುಕತಿತ್ತು.
ಕೊತ್ತಂಬರಿ ಇಡೂ ಜಾಗಾದಾಗ ಬಾಡಿಗಿ ರೊಕ್ಕ ಇತ್ತು,
ಯಾವಾಗ ಇಟ್ಟಳೋ.
ಸ್ವಿಚ್ ಆರಿಸಿದೆ.