ಗಾಜಿನ ಮೇಲಿನ ಬೊಟ್ಟು

ಚೌಕಿಪೇಟೆಯಿಂದ ಗುಜರಿ ಬುಡೇನ್ ಇದನ್ನು ತಂದದ್ದು
ತಳ್ಳುಗಾಡಿಯಲ್ಲಿ, ತೂಕದ ಲೆಕ್ಕಕ್ಕೆ.
"ಒಳಗೆ ಇಲಿ ಸಂಸಾರ ಮಾಡ್ಯಾವೆ, ನೋಡ್ಕಳ್ರಿ" ಅಂದ.
ಮಾಡಿದ್ದವು.
ಟ್ರಾನ್ಸ್‌ಫಾರ್ಮರಿನ ಹಿಂದೆ ಹತ್ತಿಯ ಹಾಸಿಗೆ,
ಜೋಳದ ಹೊಟ್ಟು, ಅರ್ಧ ತಿಂದ ಲೈಸೆನ್ಸ್ ಪುಸ್ತಕ.
ಅಂಚೆಕಚೇರಿಯ ದುಂಡು ಮುದ್ರೆ ಹಾಗೇ ಇದೆ.
ಹೆಸರಿನಲ್ಲಿ ಅವು ಬಿಟ್ಟದ್ದು ಇಷ್ಟೇ:
"ವ್ವ ಕೋಂ"

ಮನೆಯಲ್ಲಿ ಇದು ಹನ್ನೆರಡನೆಯದು,
ಮಾತಾಡುವುದು ನಾಲ್ಕು.
ಈ ಲೆಕ್ಕ ನನ್ನದಲ್ಲ, ಸರ್ವಮಂಗಳಳದು.
ಹೊಲಿಗೆ ಮಿಷಿನ್ನಿನ ಕೆಳಗೆ ಎರಡು,
ಹಿಟ್ಟಿನ ಡಬ್ಬಿಗಳ ಸಾಲಿನಲ್ಲಿ ಒಂದು
(ಅದರ ಮೇಲೆ ಉಪ್ಪಿನಕಾಯಿ ಭರಣಿ ಇಟ್ಟು ಸೇಡು ತೀರಿಸಿಕೊಂಡಿದ್ದಾಳೆ).

ಮೇಣ ಸುರಿಸಿ ಸತ್ತಿದ್ದ ಕಂಡೆನ್ಸರುಗಳನ್ನು ಕಿತ್ತು
ಅವುಗಳ ಹಳೇ ಕಾಗದದ ಚಿಪ್ಪಿನೊಳಗೇ ಹೊಸದನ್ನು ಕೂರಿಸಿ
ಬಾಯಿಗೆ ಮತ್ತೆ ಮೇಣ ಮೆತ್ತಿದೆ.
ಮೋಸವೇ? ಇರಬಹುದು.
ಸ್ಪೀಕರಿನ ಹರಿದ ಎದೆಗೆ ಗಾಳಿಪಟದ ಹಾಳೆ, ಮೈದಾ ಅಂಟು.
ಒಂದು ವಾಲ್ವು ಮಾತ್ರ ಎಷ್ಟು ಕಾಯಿಸಿದರೂ ಕೆಂಪಾಗಲಿಲ್ಲ,
ಭರಣಿ ಹೊತ್ತವನಿಂದ ಕಡ ತಂದೆ.

ಮುಳ್ಳು ಎಳೆಯುವ ದಾರ ತುಂಡಾಗಿತ್ತು.
ದಾರದ ಮಾತು ನನಗೆ ಬಿಡಿ.
ಹತ್ತೊಂಬತ್ತು ವರ್ಷ ಕಾಟನ್ ಮಿಲ್ಲಿನ ವೈಂಡಿಂಗಿನಲ್ಲಿ
ಕಡಿದ ಎಳೆಗೆ ಕಣ್ಣು ಮುಚ್ಚಿ ಗಂಟು ಹಾಕಿದ ಬೆರಳಿವು.
ಸೈರನ್ ನಿಂತ ದಿನ ಜೇಬಿನಲ್ಲಿ ಉಳಿದ ನೂಲಿನುಂಡೆ
ಇನ್ನೂ ಮುಗಿದಿಲ್ಲ.
ಮೂರು ಎಳೆ ಹೊಸೆದು, ಮೇಣ ಸವರಿ,
ಕಡ್ಡಿಗೆ ಒಂದೂವರೆ ಸುತ್ತು, ಗಾಲಿಯ ಮೇಲೆ ಹಾಯಿಸಿ ಸ್ಪ್ರಿಂಗಿಗೆ ಬಿಗಿದೆ.
ಬಾಗಿಲು ಹಾಕಿದ ಮಿಲ್ಲಿನ ನೂಲು
ನನ್ನ ರೇಡಿಯೊಗಳಲ್ಲಿ ಈಗಲೂ ಓಡಾಡುತ್ತದೆ,
ಕೊಲಂಬೊದಿಂದ ರಂಗೂನಿಗೆ, ರಂಗೂನಿನಿಂದ ಕರಾಚಿಗೆ.

ಕೊನೆಗೆ ಗಾಜು.
ಇಂಗ್ಲಿಷಿನ ಊರುಗಳ ನಡುವೆ, ಯಾವ ಊರೂ ಇಲ್ಲದಲ್ಲಿ,
ಒಂದು ಕೆಂಪು ಬೊಟ್ಟು.
ಅರಗೋ, ಉಗುರುಬಣ್ಣವೋ.
ಒದ್ದೆ ಬಟ್ಟೆ ಹಿಡಿದ ಕೈ ಅಲ್ಲೇ ನಿಂತಿತು.

ಪಿ.ಜೆ. ಬಡಾವಣೆಯ ಡಾಕ್ಟರು ಮುಂಗಡ ಕೊಟ್ಟಿದ್ದಾರೆ:
"ಕಂಪನಿಯಿಂದ ನಿನ್ನೆ ಬಂದಂಗೆ ಇರಬೇಕು."
ಸರ್ವಮಂಗಳ ಭುಜದ ಮೇಲಿಂದ ಇಣುಕಿದಳು:
"ಅದನ್ನ ಅಳಿಸಬ್ಯಾಡ್ರಿ.
ಓದಾಕ್ ಬರ್ತಿರಲಿಲ್ಲ ನೋಡ್ರಿ ಆಕಿಗೆ.
ನಮ್ಮವ್ವ ಹಾಲಿನ ಲೆಕ್ಕ ಹಿಂಗೇ ಗೋಡಿ ಮ್ಯಾಲೆ ಇಡ್ತಿದ್ಲು."

ದೀಪ ಹತ್ತಿತು. ಬಿಸಿಯಾಗಲು ಅದರದೇ ಒಂದು ನಿಮಿಷ.
ಧೂಳು ಸುಟ್ಟ ವಾಸನೆ, ಗುಂಯ್‌ಗುಟ್ಟುವ ಹೊಟ್ಟೆ,
ಆಮೇಲೆ ಭದ್ರಾವತಿ, ಬೊಟ್ಟಿನಿಂದ ಎರಡು ಬೆರಳಾಚೆ.
ಧಾರವಾಡ, ಅದೂ ಆಚೆ.
ದಾರ ಸಡಿಲಿಸಿ ಮುಳ್ಳು ಸರಿಸಿ ನೋಡಿದೆ:
ಭದ್ರಾವತಿಯನ್ನು ಬೊಟ್ಟಿಗೆ ತಂದರೆ
ಮುಳ್ಳು ಗಾಜಿನ ಅಂಚು ದಾಟಿ ಮರಕ್ಕೆ ತಾಗುತ್ತದೆ.
ಮತ್ತೆ ಮೊದಲಿದ್ದಲ್ಲಿಗೇ ಕಚ್ಚಿಸಿದೆ.

ಬೊಟ್ಟಿನ ಮೇಲೆ ನಿಲ್ಲಿಸಿದರೆ ಯಾರೂ ಇಲ್ಲ.
ಪಕ್ಕದ ಮನೆಯ ಯುಪಿಎಸ್ಸಿನ ಗೊಣಗು,
ಅದರ ಹಿಂದೆ ಸಣ್ಣಗೆ ಚಟಪಟ, ಚಟಪಟ.
"ಮಂಡಕ್ಕಿ ಭಟ್ಟಿ" ಅಂದಳು ಸರ್ವಮಂಗಳ, ಒರಳಿನ ಕಡೆ ತಿರುಗುತ್ತ.
ನಿಜ, ಕಾದ ಮರಳಲ್ಲಿ ಅಕ್ಕಿ ಅರಳುವ ಸದ್ದು ಅದೇ.

ವ್ವ, ಇಲ್ಲಿ ಯಾರಿದ್ದರು?

ಡಾಕ್ಟರಿಗೆ ಫೋನು ಮಾಡಿ ಹೇಳಿದೆ:
ಗಾಜು ಸಿಕ್ಕಿಲ್ಲ ಸಾರ್, ತಡವಾಗ್ತದೆ.
ಸರ್ವಮಂಗಳ ಒಳಗಿಂದಲೇ ಲೆಕ್ಕ ತಿದ್ದಿದಳು:
"ಐದು."