ಸರಿ ಬೆಸ

ಕುತೈಸಿಯ ಫೆಬ್ರವರಿ. ಹೀಟರಿಗೆ ಹೊಟ್ಟೆ ಕೆಟ್ಟಿದೆ.
ಕೋಟು ಬಿಚ್ಚದೆ ಕೂತಿದ್ದೇವೆ ಮೂವತ್ತೊಂದು ಜನ.
ನಾತೇಲಾ ಮೇಡಂ ಸೀಮೆಸುಣ್ಣ ಮುರಿದು
ಅರ್ಧ ಜೇಬಿಗೆ ಹಾಕಿ ಬರೆಯುತ್ತಾರೆ:
ಸಾಧಿಸಿ.

ನಾನು ಸಾಧಿಸಲಿಲ್ಲ. ಓಡಿಸಿದೆ.
ರಾತ್ರಿಯಿಡೀ ಲ್ಯಾಪ್‌ಟಾಪಿನಲ್ಲಿ ಹತ್ತು ಲಕ್ಷ ಗ್ರಾಫು.
ಬೆಸ ಗೆರೆ ತಾಗಿದ ಬಿಂದುಗಳನ್ನು ಎಣಿಸಿದರೆ
ಒಂದೊಂದರಲ್ಲೂ ಸರಿಸಂಖ್ಯೆಯೇ.
ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಅಂತ
‘ಸ್ಪಷ್ಟವಾಗಿ’ ಎಂದು ಬರೆದು ಮಡಚಿ ಕೊಟ್ಟೆ.

ಮರಳಿ ಬಂದ ಹಾಳೆಯಲ್ಲಿ ಆ ಪದಕ್ಕೊಂದು ಕೆಂಪು ಬಳೆ.
ಪಕ್ಕದಲ್ಲಿ: ಯಾರಿಗೆ?
ಕೆಳಗೆ: ಹತ್ತು ಲಕ್ಷ ಅಂದರೆ ಎಲ್ಲವೂ ಅಲ್ಲ, ಮಗೂ.
ಇನ್ನೂ ಕೆಳಗೆ, ಇರುವೆಯಂಥ ಅಕ್ಷರದಲ್ಲಿ: ಸೊನ್ನೆ ಎಲ್ಲಿ?

ಭಾನುವಾರ ಬದ್ರಿ ಮಾವನ ಹುಟ್ಟುಹಬ್ಬ.
ಅತ್ತೆಯ ಕೈಯಲ್ಲಿ ಏಳು ಟುಲಿಪ್. ಬದುಕಿದವರಿಗೆ ಬೆಸ,
ಸತ್ತವರಿಗೆ ಸರಿ;
ನಮ್ಮೂರ ಹೂವಾಡಗಿತ್ತಿ ಈ ಲೆಕ್ಕ ತಪ್ಪುವುದಿಲ್ಲ.

ಗ್ಲಾಸಿಗೆ ಗ್ಲಾಸು ತಾಗತೊಡಗಿತು. ಕುಡಿಯದೆ ಎಣಿಸಿದೆ.
ಮಾವನದು ಹದಿನೈದು. ಮಾತುಬಿಟ್ಟ ಇಬ್ಬರು ಚಿಕ್ಕಮ್ಮಂದಿರು
ಒಬ್ಬರನ್ನೊಬ್ಬರು ಬಿಟ್ಟು ಉಳಿದವರಿಗೆಲ್ಲ.
ಎಣಿಕೆ ತಪ್ಪಿತು. ತಪ್ಪಿದಾಗಲೇ ಕೇಳಿಸಿದ್ದು:
ಒಂದು ಠಣ್,
ಎರಡು ಕೈ.
ಒಬ್ಬರೇ ಕೂತು ಠಣ್ ಎನ್ನಿಸಲಾಗದು.
ಪ್ರತಿ ಸದ್ದೂ ಎರಡು ಲೆಕ್ಕಕ್ಕೆ ಬೀಳುತ್ತದೆ,
ಆದ್ದರಿಂದ ಮೊತ್ತ ಸರಿ; ಸರಿಗಳನ್ನು ಕಳೆದರೂ ಸರಿ;
ಉಳಿದ ಬೆಸಗಳು ಜೋಡಿ ಜೋಡಿಯಾಗಿಯೇ ಇರಬೇಕು
ಈ ಮನೆಯಲ್ಲಿ, ಇನ್ನೂ ಕಟ್ಟದ ಮನೆಗಳಲ್ಲಿ,
ನನ್ನ ಯಂತ್ರ ಎಂದೂ ಮುಟ್ಟದ ಗ್ರಾಫುಗಳಲ್ಲಿ.
ಇಷ್ಟೇನಾ? ಇಷ್ಟೇ.
ತಟ್ಟೆಯಲ್ಲಿ ಖಚಾಪುರಿ ತಣ್ಣಗಾಗಿತ್ತು.

ಟಿಶ್ಯೂ ಕಾಗದದ ಮೇಲೆ ಬರೆಯುತ್ತ ಹೋಗಿ ಪೆನ್ನು ನಿಂತಿತು.
ಮೇಜಿನ ತುದಿಗೆ ಸೆವೆರಿಯಾನ್ ತಾತನ ಕುರ್ಚಿ,
ಎದುರಿಗೆ ತುಂಬಿಟ್ಟ ಗ್ಲಾಸು.
ಯಾರೂ ತಾಗಿಸಿರಲಿಲ್ಲ.

ನನ್ನ ಪ್ರೋಗ್ರಾಮು ಗೆರೆಗಳ ಪಟ್ಟಿಯಿಂದ ಹೆಸರು ಹೆಕ್ಕುತ್ತಿತ್ತು.
ಗೆರೆಯಿಲ್ಲದವರು ಅದರ ಪಾಲಿಗೆ
ಹುಟ್ಟಿಯೇ ಇರಲಿಲ್ಲ.

ಸೊನ್ನೆಯನ್ನು ಎರಡರಿಂದ ಭಾಗಿಸಿದೆ. ಏನೂ ಉಳಿಯಲಿಲ್ಲ.
ತಾತ ಸರಿ.
ಹೂವಾಡಗಿತ್ತಿಗೆ ಮೊದಲೇ ಗೊತ್ತಿತ್ತು,
ಆದರೆ ಅವಳು ಯಾಕೆ ಅಂತ ಬರೆದಿಡಲಿಲ್ಲ.

ಸೋಮವಾರ ಮೇಡಂ ವೈನ್ ಕಲೆಯ ಕಾಗದವನ್ನು
ಕಿಟಕಿಯ ಬೆಳಕಿಗೆ ಹಿಡಿದು ಓದಿದರು. ತಾತನ ಸಾಲಿನಲ್ಲಿ
ಸ್ವಲ್ಪ ಹೊತ್ತು ನಿಂತರು.
‘ಸರಿಗಳನ್ನು ಕಳೆದರೂ ಸರಿ’ ಎಂಬಲ್ಲಿ ಬೆರಳಿಟ್ಟು,
“ಇದು ಯಾಕೆ?” ಅಂದರು.
ಜೇಬಿನ ಅರ್ಧ ಸೀಮೆಸುಣ್ಣ
ನನ್ನ ಕಡೆ ಚಾಚಿದರು.