ತಕ್ಕದ್ದು, ಬಹುದು

ಮಸೂದೆ ಬರೆಯುವುದು ನನ್ನ ಕೆಲಸ. ಮಾತಾಡುವುದಲ್ಲ.
ಫ್ರೆಡ್ರಿಕ್ಟನ್ನಿನ ಶಾಸನಸಭೆಯ ಹಿಂದೆ, ಮೂರನೇ ಮಹಡಿ.
ಕಿಟಕಿಯಾಚೆ ಗಟ್ಟಿಯಾದ ನದಿ,
ಅದರ ಮೇಲೆ ಯಾರೋ ಒಬ್ಬ ನಾಯಿ ಹಿಡಿದು ದಾಟುತ್ತಾನೆ.

ಈ ಸಲದ್ದು ಸಣ್ಣದು. ಹದಿನಾಲ್ಕು ಪ್ರಕರಣ.
"ಪ್ರಾಂತ್ಯದ ದುಡಿಮೆ ಮಾರುಕಟ್ಟೆ ಸಲಹಾ ಮಂಡಳಿ
ಎಂಬುದೊಂದು ಇರತಕ್ಕದ್ದು."
ಅಂದೆ, ಆಯಿತು.
ದೇವರೂ ಜಗತ್ತನ್ನು ಇದೇ ಕ್ರಿಯಾಪದದಿಂದ ಮಾಡಿದ್ದಿರಬೇಕು;
ಅವನಿಗೆ ಕೋರಂ ಬೇಕಿರಲಿಲ್ಲ.

ಮಾಲೀಕರ ಕಡೆಯವರು ಐವರು,
ದುಡಿಯುವವರ ಕಡೆಯವರು ಐವರು,
ಕಾಲೇಜಿನಿಂದೊಬ್ಬರು, ಮತ್ತು
ಮಂತ್ರಿಗೆ ಸರಿತೋರಿದ ಒಬ್ಬರು.
ಎಡಕ್ಕೆ ಇಂಗ್ಲಿಷು, ಬಲಕ್ಕೆ ಫ್ರೆಂಚು,
ನಡುವೆ ಬೇಲಿಯ ತಂತಿಯಷ್ಟು ತೆಳ್ಳನೆ ಗೆರೆ.

ಒಂಬತ್ತನೆಯ ಪ್ರಕರಣದಲ್ಲಿ ನಾನು ಬರೆದದ್ದು:
ಮಂಡಳಿಯ ಸಲಹೆಗೆ ಮಂತ್ರಿ ಉತ್ತರ ಕೊಡತಕ್ಕದ್ದು.
ಗುರುವಾರ ಸಂಜೆ ಹಳದಿ ಚೀಟಿ ಅಂಟಿಸಿಕೊಂಡು
ಕಡತ ವಾಪಸು ಬಂತು: "ಕೊಡಬಹುದು" ಎಂದಾಗಲಿ.
ಬಾಲ ಕತ್ತರಿಸಿದರೆ ನಾಯಿ ಸಾಯುವುದಿಲ್ಲ.
ಬೊಗಳುವಾಗ ಅದರ ಮನಸ್ಸೇನೆಂದು ತಿಳಿಯುವುದಿಲ್ಲ, ಅಷ್ಟೆ.
ಅಳಿಸಿದೆ. ಬರೆದೆ. ಕೋಟು ಹಾಕಿಕೊಂಡು ಮನೆಗೆ ಹೋದೆ.

ಅಹವಾಲಿನ ದಿನ ದೆಲಿಮಾ ಶಿಯಾಸೋ ಬಂದಳು,
ಈಶಾನ್ಯದ ಕರಾವಳಿಯಿಂದ, ಹಿಮದಲ್ಲಿ ಐದು ಗಂಟೆ,
ಅಳಿಯನ ಪಿಕಪ್ಪಿನಲ್ಲಿ.
ಏಡಿ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ.
ಮೈಕಿನ ಕತ್ತು ಹಿಡಿದು ಬಗ್ಗಿಸಿದಳು,
ಏಡಿಯ ಕಾಲು ಮುರಿಯುವ ಹಾಗೆ, ಒಂದೇ ಸಲಕ್ಕೆ.

"ನೀವು ಮಾರುಕಟ್ಟೆ ಅಂತೀರಿ.
ನಮ್ಮಲ್ಲಿ ಮಾರುಕಟ್ಟೆ ಹನ್ನೊಂದು ವಾರ.
ಉಳಿದದ್ದು ಗಂಟೆ ಎಣಿಸೋದು,
ಭತ್ಯೆಗೆ ಎಷ್ಟು ಕಮ್ಮಿ ಬಿತ್ತು ಅಂತ.
ಈಗ ಮೆಕ್ಸಿಕೋದ ಹುಡುಗೀರು ಬಂದಿದಾರೆ, ನನ್ನ ಎದುರು ಮೇಜಿಗೆ.
ಒಳ್ಳೇವರು. ಕಾರ್ಖಾನೆ ಬಿಟ್ಟರೆ ಅವರಿಗೆ ವೀಸಾ ಇಲ್ಲ.
ನಿಮ್ಮ ಹನ್ನೆರಡು ಕುರ್ಚೀಲಿ ಅವರದು ಯಾವುದು?"

ಅಧ್ಯಕ್ಷರು ಕನ್ನಡಕ ಒರೆಸಿಕೊಂಡರು.
"ಒಳ್ಳೆಯ ಪ್ರಶ್ನೆ" ಎಂದರು ಮಂತ್ರಿ.
ಉತ್ತರವಿಲ್ಲದಾಗ ಪ್ರಶ್ನೆಗೆ ಕೊಡುವ ಬಕ್ಷೀಸು ಅದು.

"ಇನ್ನೊಂದು. ಇಲ್ಲಿಗೆ ಬಂದಿದ್ದಕ್ಕೆ
ಬಲೆ ಹೆಣೆಯೋ ಕೆಲಸದ ಒಂದು ದಿನ ಹೋಯ್ತು ನಂಗೆ.
ಮಾಲೀಕರ ಐವರಿಗೆ ಸಭೇಲಿ ಕೂತರೂ ಸಂಬಳ.
ನಮ್ಮ ಐವರಿಗೆ?"

ಹೆಡ್‌ಫೋನಿನಲ್ಲಿ ಒಂದು ಕ್ಷಣ ಏನೂ ಕೇಳಲಿಲ್ಲ.
ಆಮೇಲೆ ಯಾರೋ ಕೆಮ್ಮಿದರು, ಎರಡೂ ಭಾಷೆಯಲ್ಲಿ.

ಒಪ್ಪಿಗೆಯಾದ ತಿದ್ದುಪಡಿ ಒಂದೇ.
ಹನ್ನೊಂದನೆಯ ಪ್ರಕರಣ, ಎರಡನೆಯ ಉಪಪ್ರಕರಣ:
ಸದಸ್ಯರು ಕಳೆದುಕೊಂಡ ದಿನದ ಕೂಲಿಯನ್ನು ಭರಿಸಿಕೊಡ
ಇಲ್ಲಿ ಕೈ ನಿಂತಿತು.
ಯಾವ ಬಾಲವೆಂದು ಯಾರೂ ಹೇಳಿರಲಿಲ್ಲ.
ರಾತ್ರಿ ಹನ್ನೊಂದು. ಹೀಟರು ಕಟಕಟ ಅನ್ನುತ್ತಿತ್ತು.
ತಕ್ಕದ್ದು, ಬರೆದೆ.
ಆ ಪದಕ್ಕೆ ಒಪ್ಪುವಂಥದು ಎಂಬ ಅರ್ಥವೂ ಇದೆ,
ಕಾಯಿದೆಗಳು ಮರೆತಿವೆ.
ಮೂರನೇ ಓದಿನಲ್ಲಿ ಯಾರ ಕಣ್ಣಿಗೂ ಬೀಳಲಿಲ್ಲ. ಅಥವಾ
ಬಿದ್ದೂ ಸುಮ್ಮನಿದ್ದರು.

ಅವಳನ್ನೂ ನೇಮಿಸಿದರು. ಮೊದಲ ಸಭೆ ಮೇ ಹನ್ನೆರಡಕ್ಕೆ.
ಹನ್ನೊಂದು ಕುರ್ಚಿ ತುಂಬಿದವು.
ಹನ್ನೆರಡನೆಯದರ ಮುಂದೆ ಶಿಯಾಸೋ ಎಂಬ ಫಲಕ,
ಮುಚ್ಚಿಟ್ಟ ನೀರಿನ ಲೋಟ, ಒಂದು ಕಾಗದ,
ಹಿಂಬದಿಯಲ್ಲಿ ಐಸುಗಡ್ಡೆಯ ಲೆಕ್ಕ:

"ದೋಣಿ ಬಂದಿವೆ. ಮೇ ತಿಂಗಳಲ್ಲಿ ಸಭೆ ಇಟ್ಟವರು
ಏಡೀನ ತಟ್ಟೇಲಿ ಮಾತ್ರ ಕಂಡವರು.
ನವೆಂಬರಿಗಿಡಿ. ಬರ್ತೀನಿ."

ಕಾರ್ಯದರ್ಶಿ ನನ್ನನ್ನು ಕರೆಸಿ ಕೇಳಿದರು,
ಇದು ಗೈರುಹಾಜರಿಯ ಪತ್ರವೋ, ಮತ್ತೇನೋ?
ಕಾಯಿದೆ ತೆರೆದೆ. ಐದನೆಯ ಪ್ರಕರಣ. ಸಲಹೆ ಎಂದರೆ
ಲಿಖಿತ, ಸದಸ್ಯರ ಸಹಿಯುಳ್ಳದ್ದು, ದುಡಿಮೆಯ ಕುರಿತಾದದ್ದು.
ಸಲಹೆ, ಎಂದೆ. ಮೊದಲನೆಯದು. ದಾಖಲಿಸಿ.

ಮಂತ್ರಿ ಉತ್ತರ ಕೊಡಬಹುದು.

ನದಿ ಈಗ ಹರಿಯುತ್ತಿದೆ.
ನಾಯಿಯವನು ಈ ದಡದಲ್ಲಿ ನಿಂತು ಆ ದಡ ನೋಡುತ್ತಾನೆ,
ಹಗ್ಗ ಎಳೆದು ಸೇತುವೆಯ ಕಡೆ ತಿರುಗುತ್ತಾನೆ.
ಸುತ್ತು ದಾರಿ, ಇಪ್ಪತ್ತು ನಿಮಿಷ ಜಾಸ್ತಿ.